ಠಾಣೆಯ ಕಡತದಿಂದ ಶುರು ಮಾಡಿ: ಆದಿವಾಸಿಗಳು ಮತ್ತು ಅಪರಾಧ ನ್ಯಾಯ ವ್ಯವಸ್ಥೆ ಕಲಿಸಲು ಒಂದು ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಕಾನೂನು, ಸಮಾಜಶಾಸ್ತ್ರ, ಸಮಾಜಕಾರ್ಯ, ಪತ್ರಿಕೋದ್ಯಮ ಹೇಳಿಕೊಡುವವರಿಗಾಗಿ ಇದನ್ನು ಬರೆದಿದ್ದೇನೆ. ಬುಡಕಟ್ಟುಗಳ ಬಗ್ಗೆ ಸಿಲೆಬಸ್‌ನಲ್ಲಿ ಎಲ್ಲೋ ಒಂದು ಕಡೆ ಒಂದು ಯೂನಿಟ್ ಇರುತ್ತದೆ. ಅದು ನಡೆಯುವ ರೀತಿ ಗೊತ್ತೇ ಇದೆ. ಮೊದಲು ಬುಡಕಟ್ಟುಗಳ ಪಟ್ಟಿ, ಆಮೇಲೆ ಅವರ ಉಡುಗೆ, ಹಬ್ಬ, ಕುಡಿತ, ಬಡತನ, ಕೊನೆಗೆ ನಾಲ್ಕು ಕಾಯ್ದೆಗಳ ಹೆಸರು. ಪರೀಕ್ಷೆಯಲ್ಲಿ ಐದು ಅಂಕದ ಟಿಪ್ಪಣಿ. ಹೊರಗೆ ಬರುವಾಗ ವಿದ್ಯಾರ್ಥಿಯ ತಲೆಯಲ್ಲಿ ಉಳಿಯುವುದು ಒಂದೇ: ಏನೋ ಸಮಸ್ಯೆ ಇದೆ, ಅದು ಆ ಜನರಲ್ಲೇ ಇದೆ.

ಈ ಪಾಠವನ್ನು ಆದಿವಾಸಿಗಳ ಹಾಡಿ, ಲಂಬಾಣಿಗಳ ತಾಂಡಾಗಳಿಂದ ಶುರು ಮಾಡಬೇಡಿ. ಠಾಣೆ, ರೇಂಜ್ ಆಫೀಸು, ಕೋರ್ಟು, ಜೈಲುಗಳಿಂದ ಶುರು ಮಾಡಿ. ವಿದ್ಯಾರ್ಥಿ ಅಧ್ಯಯನ ಮಾಡಬೇಕಾದ್ದು ವ್ಯವಸ್ಥೆಯನ್ನು. ಕೆಳಗಿನ ಹೆಜ್ಜೆಗಳು ವಾರಕ್ಕೆ ಎರಡು ಗಂಟೆಯಂತೆ ಎಂಟು ವಾರದ ಮಾಡ್ಯೂಲ್‌ಗೆ ಹೊಂದುತ್ತವೆ. ನಿಮಗೆ ಸಿಕ್ಕಿದ್ದು ಮೂರೇ ಕ್ಲಾಸ್ ಅಂದರೆ 3, 4, 5ನೇ ಹೆಜ್ಜೆ ಮಾತ್ರ ಮಾಡಿ, ಉಳಿದದ್ದು ಬಿಡಿ.

ಹೆಜ್ಜೆ 1: ಕ್ಲಾಸಿನಲ್ಲಿ ಯಾರಿದ್ದಾರೆ ಎಂದು ಮೊದಲು ಯೋಚಿಸಿ

ಬೆಂಗಳೂರಿನ ಯಾವುದೇ ಪದವಿ ತರಗತಿಯಲ್ಲಿ ಲಂಬಾಣಿ, ಕೊರಮ, ಭೋವಿ, ನಾಯಕ ಸಮುದಾಯದ ಮಕ್ಕಳು ಇದ್ದೇ ಇರುತ್ತಾರೆ. ಸೋಲಿಗ, ಮಲೆಕುಡಿಯ, ಇರುಳಿಗ, ಹಕ್ಕಿಪಿಕ್ಕಿ ಮಕ್ಕಳೂ ಇರಬಹುದು. ಅವರು ಯಾರು ಎಂದು ನಿಮಗೆ ಗೊತ್ತಿರಬೇಕಾಗಿಲ್ಲ. ಗೊತ್ತಿದ್ದರೂ ಎಬ್ಬಿಸಿ ನಿಲ್ಲಿಸಿ ‘ನಿಮ್ಮ ಕಡೆ ಹೇಗಪ್ಪಾ?’ ಎಂದು ಕೇಳಬೇಡಿ. ಅವರಾಗಿ ಮಾತಾಡಿದರೆ ಕೇಳಿಸಿಕೊಳ್ಳಿ. ಮಾತಾಡದಿದ್ದರೆ ಅದು ಅವರ ಇಷ್ಟ.

ಅದೇ ಬೆಂಚಿನಲ್ಲಿ ಹೆಡ್ ಕಾನ್‌ಸ್ಟೆಬಲ್ ಮಗಳು, ಫಾರೆಸ್ಟ್ ಗಾರ್ಡ್ ಮಗ ಕೂಡ ಕೂತಿರುತ್ತಾರೆ. ಇದನ್ನು ನಾವು ಮರೆಯುವುದೇ ಜಾಸ್ತಿ. ‘ಪೊಲೀಸರೆಲ್ಲ ಹೀಗೇ’ ಎಂಬ ಧಾಟಿಯಲ್ಲಿ ಪಾಠ ಶುರುವಾದರೆ ಅವರು ಬಾಯಿ ಮುಚ್ಚಿಕೊಳ್ಳುತ್ತಾರೆ. ಪಾಠಕ್ಕೆ ಬೇಕಾದ ಒಳಗಿನ ಸಂಗತಿಗಳು ಅಲ್ಲಿಗೆ ನಿಂತುಹೋಗುತ್ತವೆ. ‘ಮೇಲಿನಿಂದ ಕೇಸು ಡಿಟೆಕ್ಟ್ ಆಗಬೇಕು ಅಂತ ಒತ್ತಡ ಬಂದಾಗ ಠಾಣೆಯಲ್ಲಿ ಏನಾಗುತ್ತದೆ?’ ಎಂದು ಕೇಳಿ ನೋಡಿ. ಆ ಮಗಳೇ ಎಲ್ಲರಿಗಿಂತ ಚೆನ್ನಾಗಿ ಉತ್ತರ ಕೊಡಬಹುದು.

ಮೊದಲ ದಿನವೇ ಎರಡು ನಿಯಮ ಹೇಳಿಬಿಡಿ. ಲೈಂಗಿಕ ಹಿಂಸೆ, ಲಾಕಪ್ ಸಾವಿನಂಥ ವಿಷಯ ಬರುವ ದಿನ ಹಿಂದಿನ ಕ್ಲಾಸಿನಲ್ಲೇ ತಿಳಿಸುತ್ತೀರಿ, ಆವತ್ತು ಎದ್ದು ಹೋಗಬೇಕು ಅನ್ನಿಸಿದರೆ ಅಟೆಂಡೆನ್ಸ್ ಹೋಗುವುದಿಲ್ಲ. ಯಾರಾದರೂ ತಮ್ಮ ಮನೆಯ ಕಥೆ ಹೇಳಿಕೊಂಡರೆ ಅದು ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಹೋಗಬಾರದು. ಜೊತೆಗೆ ಬೋರ್ಡಿನ ಮೂಲೆಯಲ್ಲಿ ಟೆಲಿ ಮಾನಸ್ ಸಂಖ್ಯೆ 14416 ಬರೆದಿಡಿ.

ಹೆಜ್ಜೆ 2: ಯಾರ ಬಗ್ಗೆ ಮಾತಾಡುತ್ತಿದ್ದೇವೆ ಎಂದು ಸ್ಪಷ್ಟ ಮಾಡಿಕೊಳ್ಳಿ

ಇದಕ್ಕೆ ಅರ್ಧ ಗಂಟೆ ಸಾಕು. ಕಾಡು ಮತ್ತು ಕಾಡಂಚಿನ ಆದಿವಾಸಿಗಳು ಒಂದು ಕಡೆ: ಜೇನು ಕುರುಬ, ಸೋಲಿಗ, ಯರವ, ಕೊರಗ, ಮಲೆಕುಡಿಯ ಮುಂತಾದವರು. ಇವರಲ್ಲಿ ಜೇನು ಕುರುಬ ಮತ್ತು ಕೊರಗರನ್ನು ಸರ್ಕಾರ ವಿಶೇಷವಾಗಿ ದುರ್ಬಲ ಬುಡಕಟ್ಟು ಎಂದು ಗುರುತಿಸಿದೆ. ಇನ್ನೊಂದು ಕಡೆ ಬ್ರಿಟಿಷರು ‘ಅಪರಾಧಿ ಬುಡಕಟ್ಟು’ ಎಂದು ಹಣೆಪಟ್ಟಿ ಹಚ್ಚಿದ, 1952ರ ನಂತರ ವಿಮುಕ್ತರು ಎನಿಸಿಕೊಂಡ ಸಮುದಾಯಗಳು.

ಇಲ್ಲೇ ಒಂದು ಗೊಂದಲ ಬರುತ್ತದೆ. ವಿಮುಕ್ತರು ಸಂವಿಧಾನದಲ್ಲಿ ಪ್ರತ್ಯೇಕ ಪಟ್ಟಿಯಲ್ಲಿಲ್ಲ. ಕೆಲವರು ಪರಿಶಿಷ್ಟ ಜಾತಿಯಲ್ಲಿದ್ದಾರೆ, ಕೆಲವರು ಪಂಗಡದಲ್ಲಿ, ಕೆಲವರು ಹಿಂದುಳಿದ ವರ್ಗದಲ್ಲಿ. ಲಂಬಾಣಿ, ಕೊರಮ, ಕೊರಚರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಬೇರೆ ರಾಜ್ಯಕ್ಕೆ ಹೋದರೆ ಅದೇ ಜನ ಬೇರೆ ಪಟ್ಟಿಯಲ್ಲಿರುತ್ತಾರೆ. ಈ ಸಂಗತಿ 6ನೇ ಹೆಜ್ಜೆಯಲ್ಲಿ ಮತ್ತೆ ಬೇಕಾಗುತ್ತದೆ, ನೋಟ್ಸ್‌ನಲ್ಲಿ ಗುರುತು ಹಾಕಿಸಿ.

ಹೆಜ್ಜೆ 3: 1871ರ ಕಾಯ್ದೆಯನ್ನು ಕೈಗೆ ಕೊಟ್ಟು ಓದಿಸಿ

ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ಬಗ್ಗೆ ಭಾಷಣ ಮಾಡುವುದಕ್ಕಿಂತ ಅದರ ಪಠ್ಯದ ಪ್ರಿಂಟ್ ಕೊಟ್ಟು, ನಾಲ್ಕು ನಾಲ್ಕು ಜನರ ಗುಂಪು ಮಾಡಿ, ಒಂದೊಂದು ಪ್ರಶ್ನೆ ಕೊಡಿ. ಒಂದು ಬುಡಕಟ್ಟನ್ನು ‘ಅಪರಾಧಿ’ ಎಂದು ಯಾರು ಘೋಷಿಸಬಹುದು? ಪುರಾವೆ ಯಾವ ಮಟ್ಟದ್ದು ಬೇಕು? ಪ್ರಶ್ನಿಸಲು ಎಲ್ಲಿಗೆ ಹೋಗಬೇಕು?

ಮೂರನೆಯ ಪ್ರಶ್ನೆ ಸಿಕ್ಕ ಗುಂಪು ಸ್ವಲ್ಪ ಹೊತ್ತು ಹುಡುಕುತ್ತದೆ. ಎಲ್ಲಿಗೂ ಹೋಗುವ ಹಾಗಿಲ್ಲ ಎಂಬುದೇ ಉತ್ತರ. ಸರ್ಕಾರದ ಅಧಿಸೂಚನೆಯ ಸಿಂಧುತ್ವವನ್ನು ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿಲ್ಲ ಎಂದು ಕಾಯ್ದೆಯಲ್ಲೇ ಬರೆದಿತ್ತು. ತಪ್ಪು ಮಾಡಿದ್ದಕ್ಕೆ ಶಿಕ್ಷೆ ಎಂಬ ಮಾತನ್ನು ಮೊದಲ ವರ್ಷದಲ್ಲೇ ಬಾಯಿಪಾಠ ಮಾಡಿದ ಕಾನೂನು ವಿದ್ಯಾರ್ಥಿಗಳಿಗೆ, ಹುಟ್ಟಿದ್ದಕ್ಕೇ ನೋಂದಣಿ ಎಂಬುದು ಕಾಗದದ ಮೇಲೆ ಕಂಡಾಗ ತಟ್ಟುವ ರೀತಿಯೇ ಬೇರೆ.

ಅಲ್ಲಿಂದ ಕಾಲರೇಖೆ ಹಾಕಿಸಿ. ಮೊದಲು ಉತ್ತರ ಭಾರತ, 1911ರಲ್ಲಿ ಮದ್ರಾಸ್ ಪ್ರಾಂತ್ಯವೂ ಸೇರಿ ಎಲ್ಲ ಕಡೆ, 1924ರಲ್ಲಿ ಹೊಸ ರೂಪ. 1897ರ ತಿದ್ದುಪಡಿ ಮಕ್ಕಳನ್ನು ತಂದೆತಾಯಿಯಿಂದ ಬೇರೆ ಮಾಡಲೂ ಅವಕಾಶ ಕೊಟ್ಟಿತು. ದಿನದ ಹಾಜರಿ, ಊರು ಬಿಡಲು ಪಾಸು, ಬೆರಳಚ್ಚು. ಬಾಂಬೆ ಪ್ರಾಂತ್ಯದಲ್ಲಿದ್ದ ನಮ್ಮ ಹುಬ್ಬಳ್ಳಿ, ಗದಗ, ವಿಜಯಪುರ ಕಡೆ ಈ ಜನರನ್ನು ಕೂಡಿಹಾಕಿದ ಮುಳ್ಳುತಂತಿಯ ಸೆಟ್ಲ್‌ಮೆಂಟ್‌ಗಳು. ಹುಬ್ಬಳ್ಳಿಯಲ್ಲಿ ಆ ಭಾಗಕ್ಕೆ ಇವತ್ತಿಗೂ ಜನ ಸೆಟ್ಲ್‌ಮೆಂಟ್ ಅಂತಲೇ ಹೇಳುತ್ತಾರೆ. ಉತ್ತರ ಕರ್ನಾಟಕದ ವಿದ್ಯಾರ್ಥಿಗಳು ಕ್ಲಾಸಿನಲ್ಲಿದ್ದರೆ ಆ ಹೆಸರು ಕೇಳಿರುತ್ತಾರೆ, ಯಾಕೆ ಆ ಹೆಸರು ಎಂದು ಬಹುಪಾಲು ಯಾರಿಗೂ ಗೊತ್ತಿರುವುದಿಲ್ಲ.

ಈ ಜನ ಅದಕ್ಕೆ ಮುಂಚೆ ಏನು ಮಾಡುತ್ತಿದ್ದರು ಎಂಬ ಪ್ರಶ್ನೆ ಬಂದೇ ಬರುತ್ತದೆ. ಬಾರದಿದ್ದರೆ ನೀವೇ ಎತ್ತಿ. ಲಂಬಾಣಿಗಳು ಎತ್ತುಗಳ ಮೇಲೆ ಹೇರು ಹೇರಿ ದಕ್ಖನ್ನಿನ ಉದ್ದಗಲಕ್ಕೆ ಉಪ್ಪು, ದವಸ ಸಾಗಿಸುತ್ತಿದ್ದರು. ಕೊರಮ, ಕೊರಚರೂ ಉಪ್ಪಿನ ವ್ಯಾಪಾರದಲ್ಲಿದ್ದರು. ರೈಲು ಬಂತು, ಉಪ್ಪಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾಯಿತು, ಕಾಡಿನ ಕಾನೂನು ಬಂದು ಹುಲ್ಲುಗಾವಲು ತಪ್ಪಿತು. ಕಸುಬು ಹೋಯಿತು, ತಿರುಗಾಟ ಉಳಿಯಿತು. ತಿರುಗಾಟವನ್ನೇ ಸರ್ಕಾರ ಅನುಮಾನದಿಂದ ನೋಡಿತು. ಈ ಸರಪಳಿಯನ್ನು ಬೋರ್ಡಿನ ಮೇಲೆ ಬಿಡಿಸಿದರೆ ‘ಅವರ ಕಲ್ಚರೇ ಹಾಗೆ’ ಎಂಬ ವಾದ ತಾನಾಗಿಯೇ ಸಡಿಲವಾಗುತ್ತದೆ.

1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯಿತು. ಆ ದಿನವನ್ನು ವಿಮುಕ್ತ ದಿನವೆಂದು ಆಚರಿಸುತ್ತಾರೆ. ಆದರೆ ಅಲ್ಲಿಗೇ ಪಾಠ ನಿಲ್ಲಿಸಿದರೆ ಮೋಸ. ರಾಜ್ಯಗಳು ಅದರ ಜಾಗಕ್ಕೆ ರೂಢಿಗತ ಅಪರಾಧಿಗಳ ಕಾಯ್ದೆ ತಂದವು. ಕರ್ನಾಟಕದ್ದು 1961ರದ್ದು. ಹೊಸ ಕಾಯ್ದೆ ಸಮುದಾಯವನ್ನು ಬಿಟ್ಟು ವ್ಯಕ್ತಿಯನ್ನು ಹಿಡಿಯುತ್ತದೆ, ನಿಜ. ಆದರೆ ಹಳೆಯ ರಿಜಿಸ್ಟರ್ ಇಟ್ಟುಕೊಂಡು ಕೂತ ಠಾಣೆಗೆ ಆ ವ್ಯಕ್ತಿ ಯಾವ ಕೇರಿಯಲ್ಲಿ ಸಿಗುತ್ತಾನೆ ಎಂದು ಮೊದಲೇ ಗೊತ್ತಿತ್ತು. ಇಂಥ ಕಾಯ್ದೆಗಳನ್ನು ತೆಗೆಯಿರಿ ಎಂದು ಜನಾಂಗೀಯ ತಾರತಮ್ಯ ನಿವಾರಣೆಯ ವಿಶ್ವಸಂಸ್ಥೆಯ ಸಮಿತಿ 2007ರಲ್ಲಿ ಭಾರತಕ್ಕೆ ಹೇಳಿತು. 1871ರಿಂದ ಈಚಿನವರೆಗೆ ಏನು ಮುಂದುವರಿದಿದೆ, ಏನು ಬದಲಾಗಿದೆ ಎಂದು ಎರಡು ಕಾಲಂ ಮಾಡಿಸಿ. 2022ರ ಕ್ರಿಮಿನಲ್ ಪ್ರೊಸೀಜರ್ (ಗುರುತಿಸುವಿಕೆ) ಕಾಯ್ದೆಯನ್ನೂ ಸೇರಿಸಿ. ಅದರಲ್ಲಿ ಸಂಗ್ರಹಿಸಿದ ಅಳತೆ, ಮಾಹಿತಿಗಳನ್ನು 75 ವರ್ಷ ಇಟ್ಟುಕೊಳ್ಳಬಹುದು. ಯಾವ ಕಾಲಂಗೆ ಹಾಕಬೇಕು ಎಂದು ಅವರೇ ಜಗಳ ಆಡಲಿ.

ಹೆಜ್ಜೆ 4: ಒಂದು ಬಂಧನದ ಹಿಂದೆ ಹೋಗಿ

ಈ ಮಾಡ್ಯೂಲ್‌ನಲ್ಲಿ ಜಾಸ್ತಿ ಸಮಯ ಇದಕ್ಕೇ ಕೊಡಿ. ಎರಡು ವಾರ ಆದರೂ ಪರವಾಗಿಲ್ಲ.

ಪತ್ರಿಕೆಯಿಂದ ಶುರು ಮಾಡಿ. ಸರಗಳ್ಳತನ, ಮನೆಗಳ್ಳತನದ ಸುದ್ದಿಗಳನ್ನು ಒಂದು ತಿಂಗಳ ಕನ್ನಡ ಪತ್ರಿಕೆಗಳಿಂದ ಆರಿಸಿ ತರಲು ಹೇಳಿ. ಶೀರ್ಷಿಕೆಯಲ್ಲಿ ಸಮುದಾಯದ ಹೆಸರು, ಹಿಂದೆ ‘ಗ್ಯಾಂಗ್’ ಎಂದಿರುವುದು ಎಷ್ಟು? ಮೇಲುಜಾತಿಯ ಮೂವರು ಸೇರಿ ಚೀಟಿ ಹಣ ನುಂಗಿದರೆ ಆ ಜಾತಿಯ ಹೆಸರಿನ ಗ್ಯಾಂಗ್ ಅಂತ ಬರೆಯುತ್ತಾರಾ? ಪತ್ರಿಕೋದ್ಯಮ ವಿದ್ಯಾರ್ಥಿಗಳಿಗೆ ಇದೊಂದೇ ಚಟುವಟಿಕೆ ಇಡೀ ಯೂನಿಟ್‌ನಷ್ಟು ಕೆಲಸ ಮಾಡುತ್ತದೆ.

ಆಮೇಲೆ ಠಾಣೆ. ಎಂಒಬಿ ಕಾರ್ಡು (ಯಾರು ಯಾವ ರೀತಿಯಲ್ಲಿ ಅಪರಾಧ ಮಾಡುತ್ತಾರೆ ಎಂದು ಪೊಲೀಸರು ಇಡುವ ದಾಖಲೆ), ರೌಡಿ ಶೀಟು, ರಾತ್ರಿ ಬೀಟಿನಲ್ಲಿ ‘ಚೆಕ್’ ಮಾಡುವ ಮನೆಗಳು ಎಂದರೇನು ಎಂದು ವಿವರಿಸಿ. ಮುಂಜಾಗ್ರತಾ ಕ್ರಮದ ಸೆಕ್ಷನ್‌ಗಳನ್ನು ಓದಿಸಿ. ಹಳೆಯ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 110 ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 129. ರೂಢಿಗತ ಅಪರಾಧಿ ಎನಿಸಿದವನಿಂದ ಒಳ್ಳೆಯ ನಡತೆಗೆ ಬಾಂಡ್ ಬರೆಸಿಕೊಳ್ಳುವ ಅಧಿಕಾರ ಅದು. ಬಾಂಡ್ ಬರೆಸಿಕೊಳ್ಳುವುದು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್. ಬೆಂಗಳೂರಿನಂಥ ಕಮಿಷನರೇಟ್ ನಗರದಲ್ಲಿ ಆ ಅಧಿಕಾರ ಹಿರಿಯ ಪೊಲೀಸ್ ಅಧಿಕಾರಿಗಳ ಕೈಯಲ್ಲೇ ಇದೆ. ಅಂದರೆ ವರದಿ ಬರೆಯುವವರು ಪೊಲೀಸರು, ಕೇಳಿ ತೀರ್ಮಾನ ಮಾಡುವವರೂ ಪೊಲೀಸರು. ಇದನ್ನು ಹೇಳಿ ಒಂದು ನಿಮಿಷ ಸುಮ್ನೆ ಇರಿ.

ಮೂರನೆಯದು ಹೇಳಿಕೆ. ಈ ಚಟುವಟಿಕೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ವಿದ್ಯಾರ್ಥಿಗಳ ಕಣ್ಣು ತೆರೆಸುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ಮೂವರ ಗುಂಪು ಮಾಡಿ. ಒಬ್ಬರು ತಮ್ಮ ಮನೆಮಾತಿನಲ್ಲಿ ನಿನ್ನೆ ಸಂಜೆ ಏನು ಮಾಡಿದಿರಿ ಎಂದು ಹೇಳಬೇಕು. ತುಳುವೋ, ತೆಲುಗೋ, ದಖ್ಖನಿಯೋ, ಲಂಬಾಣಿಯೋ ಯಾವುದಾದರೂ ಆಗಬಹುದು. ಎರಡನೆಯವರು ಅರ್ಥವಾದಷ್ಟನ್ನು ಕನ್ನಡಕ್ಕೆ ಹೇಳಬೇಕು. ಮೂರನೆಯವರು ಅದನ್ನು ಠಾಣೆಯ ಕನ್ನಡದಲ್ಲಿ ಬರೆಯಬೇಕು. ಮಾದರಿಗೆ ನೀವೇ ಒಂದನ್ನು ಬರೆದು ತೋರಿಸಿ. ಆಡಿದ ಮಾತು: ‘ಸಂಜೆ ಹೊಳೆ ಕಡೆ ಹೋಗಿದ್ದೆ ಸಾರ್, ಜೇನು ಕಟ್ಟಿದೆಯಾ ಅಂತ ನೋಡೋಕೆ. ಅವರು ಬಂದ್ರು, ನಾನು ಹೆದರಿ ಓಡಿದೆ.’ ಕಾಗದದಲ್ಲಿ ಬರುವುದು: ‘ನಾನು ಸದರಿ ದಿನ ಸಂಜೆ ಸುಮಾರು 6.00 ಗಂಟೆ ಸಮಯದಲ್ಲಿ ಮೀಸಲು ಅರಣ್ಯದೊಳಗೆ ಅಕ್ರಮವಾಗಿ ಪ್ರವೇಶಿಸಿ, ಜೇನುತುಪ್ಪವನ್ನು ಕಳವು ಮಾಡುವ ಉದ್ದೇಶದಿಂದ ಹೊಂಚು ಹಾಕುತ್ತಿದ್ದು, ಸಿಬ್ಬಂದಿಯನ್ನು ಕಂಡು ತಪ್ಪಿಸಿಕೊಳ್ಳಲು ಯತ್ನಿಸಿರುತ್ತೇನೆ.’

ಎರಡನ್ನೂ ಪಕ್ಕಪಕ್ಕ ಇಟ್ಟು, ಹೊಸದಾಗಿ ಬಂದು ಸೇರಿದ್ದು ಯಾವುದು ಎಂದು ಕೆಂಪು ಪೆನ್ನಿನಲ್ಲಿ ಗುರುತು ಹಾಕಿಸಿ. ಗಂಟೆ ಎಲ್ಲಿಂದ ಬಂತು? ‘ಅಕ್ರಮವಾಗಿ’ ಅಂದವರು ಯಾರು? ಹೆದರಿ ಅನ್ನುವುದು ಎಲ್ಲಿ ಹೋಯಿತು? ಬರೆದವನಿಗೆ ಕೆಟ್ಟ ಉದ್ದೇಶ ಇರಬೇಕೆಂದೇನೂ ಇಲ್ಲ. ಅವನಿಗೆ ಬರುವ ಕಚೇರಿ ಕನ್ನಡವೇ ಅಷ್ಟು. ಜೇನು ಕುರುಬರ ನುಡಿ, ಹಕ್ಕಿಪಿಕ್ಕಿಗಳ ವಾಗ್ರಿ ಮಾತಿನಲ್ಲಿ ಹೇಳಿದವನು ಕೊನೆಗೆ ಕೆಳಗಡೆ ಹೆಬ್ಬೆಟ್ಟು ಒತ್ತುತ್ತಾನೆ. ‘ಓದಿ ಹೇಳಲಾಗಿ ಸರಿ ಇರುತ್ತದೆ’ ಎಂಬ ಕೊನೆಯ ಸಾಲನ್ನು ಮರೆಯದೆ ಬರೆಸಿ.

ನಾಲ್ಕನೆಯದು ಜಾಮೀನು. ಇಲ್ಲಿ ಒಂದು ಕಾಲ್ಪನಿಕ ಆದೇಶ ಕೊಡಿ: 50,000 ರೂಪಾಯಿ ಬಾಂಡ್, ಅಷ್ಟೇ ಮೊತ್ತದ ಒಬ್ಬ ಶ್ಯೂರಿಟಿ. ಶ್ಯೂರಿಟಿ ನಿಲ್ಲಲು ಏನೇನು ಬೇಕು ಎಂದು ಪಟ್ಟಿ ಮಾಡಿಸಿ. ಆಧಾರ್, ಫೋಟೋ, ಪಹಣಿ ಅಥವಾ ಖಾತೆ. ಈಗ ಪ್ರಶ್ನೆ: ಹಾಡಿಯಲ್ಲಿ ಯಾರ ಹೆಸರಿಗೆ ಪಹಣಿ ಇದೆ? ಟೆಂಟಿನಲ್ಲಿ ಇರುವವರಿಗೆ ಯಾವ ಖಾತೆ? ಪಹಣಿ ಇರುವ ಊರಗೌಡರ ಹತ್ತಿರ ಹೋಗಿ ಕೈ ಮುಗಿದರೆ ಅವರು ಯಾಕೆ ಬರಬೇಕು, ಬಂದರೆ ಆಮೇಲೆ ಏನು ಕೇಳುತ್ತಾರೆ? ಇದಾದ ಮೇಲೆ 1978ರ ಮೋತಿರಾಮ್ ಪ್ರಕರಣ ಓದಿಸಿ. ಮಧ್ಯಪ್ರದೇಶದ ಗಾರೆ ಕೆಲಸದವನಿಗೆ 10,000 ರೂಪಾಯಿ ಶ್ಯೂರಿಟಿ ಕೇಳಿದ್ದರು. ಶ್ಯೂರಿಟಿ ನಿಂತ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಅವನನ್ನು ಒಪ್ಪಲಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ಆದೇಶವನ್ನು ಹಿಡಿದು ಜಾಡಿಸಿದ ರೀತಿ ಇವತ್ತಿಗೂ ಓದಲು ಖುಷಿ ಕೊಡುತ್ತದೆ. ಅಷ್ಟಾದ ಮೇಲೂ ಕೆಳಗಿನ ಕೋರ್ಟುಗಳಲ್ಲಿ ಪಹಣಿ ಕೇಳುವುದು ನಿಂತಿಲ್ಲ ಎಂಬುದನ್ನೂ ಹೇಳಿ.

ಕೊನೆಗೆ ಉಚಿತ ಕಾನೂನು ನೆರವು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ನೋಡದೆ ವಕೀಲರನ್ನು ಕೊಡಬೇಕು. ಸಹಾಯವಾಣಿ 15100. ವಿದ್ಯಾರ್ಥಿಗಳು ಇದನ್ನು ಫೋನಿನಲ್ಲಿ ಸೇವ್ ಮಾಡಿಕೊಳ್ಳಲಿ, ಪರೀಕ್ಷೆಗಿಂತ ಹೊರಗೆ ಉಪಯೋಗಕ್ಕೆ ಬರುತ್ತದೆ.

ಹೆಜ್ಜೆ 5: ಕಾಡಿನ ಕೇಸನ್ನು ಬೇರೆಯಾಗಿ ಕಲಿಸಿ

ಬೆಂಗಳೂರಿನ ಕ್ರಿಮಿನಲ್ ಲಾ ಪಾಠದಲ್ಲಿ ಪೊಲೀಸ್ ಮಾತ್ರ ಇರುತ್ತಾರೆ. ಆದಿವಾಸಿಗೆ ಮೊದಲು ಎದುರಾಗುವುದು ಖಾಕಿ ಪೊಲೀಸರಲ್ಲ, ವಾಚರ್, ಗಾರ್ಡ್, ರೇಂಜರ್. ಇಲ್ಲಿ ಕಾನೂನೂ ಬೇರೆ.

ಒಂದು ವ್ಯತ್ಯಾಸ ಎಲ್ಲರಿಗೂ ಗೊತ್ತಾಗಬೇಕು. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದಿಲ್ಲ, ಇದು ಹಳೆಯ ಸಾಕ್ಷ್ಯ ಕಾಯ್ದೆಯಿಂದ ಬಂದ ರಕ್ಷಣೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 50(8) ಪ್ರಕಾರ ಎಸಿಎಫ್ (ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ) ದರ್ಜೆಗೆ ಕಡಿಮೆಯಿಲ್ಲದ ಅರಣ್ಯಾಧಿಕಾರಿ ಸಾಕ್ಷ್ಯ ದಾಖಲಿಸಿಕೊಳ್ಳಬಹುದು. ಅದನ್ನು ಆರೋಪಿಯ ಎದುರಲ್ಲೇ ದಾಖಲಿಸಿದ್ದರೆ ಮುಂದಿನ ವಿಚಾರಣೆಯಲ್ಲಿ ಬಳಸಬಹುದು. ಹಿಂದಿನ ಹೆಜ್ಜೆಯ ಹೇಳಿಕೆ ಆಟವನ್ನು ನೆನಪಿಸಿ, ಅದೇ ಕಾಗದ ಈಗ ಏನಾಗುತ್ತದೆ ಎಂದು ಕೇಳಿ.

ಇನ್ನೊಂದು ಚಟುವಟಿಕೆ ನಕ್ಷೆಯದು. ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನಬೆಟ್ಟದ ನಕ್ಷೆ ಕೊಟ್ಟು, ಯಾವ ಗೆರೆ ಯಾವಾಗ ಬಂತು ಎಂದು ಹುಡುಕಿಸಿ. 1973ರಲ್ಲಿ ದೇಶದ ಮೊದಲ ಹುಲಿ ಯೋಜನೆಗಳಲ್ಲಿ ಬಂಡೀಪುರ ಒಂದು. ಗೆರೆ ಬಂದ ಮರುದಿನ ಗೆಡ್ಡೆ ಅಗೆಯುವುದು, ಜೇನು ಕೀಳುವುದು, ದನ ಮೇಯಿಸುವುದು, ಸತ್ತವರ ಸಮಾಧಿಗೆ ಹೋಗುವುದು ಕೂಡ ಅನುಮತಿ ಬೇಕಾದ ಕೆಲಸಗಳಾದವು. ಮಾಡಿದ ಕೆಲಸ ಹಳೆಯದೇ, ಅಪರಾಧ ಮಾತ್ರ ಹೊಸದು.

ಆಮೇಲೆ 2006ರ ಅರಣ್ಯ ಹಕ್ಕು ಕಾಯ್ದೆ. ಕಿರು ಅರಣ್ಯ ಉತ್ಪನ್ನದ ಹಕ್ಕು, ಗ್ರಾಮಸಭೆಯ ಪಾತ್ರ, 4(5)ರ ಪ್ರಕಾರ ಹಕ್ಕಿನ ಪ್ರಕ್ರಿಯೆ ಮುಗಿಯದೆ ಎತ್ತಂಗಡಿ ಮಾಡುವಂತಿಲ್ಲ ಎಂಬುದು. ಬಿಳಿಗಿರಿರಂಗನಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಅದು ದೇಶದಲ್ಲೇ ಮೊದಲು. ಬೇಟೆಯಾಡುವ ಹಕ್ಕನ್ನು ಕಾಯ್ದೆ ಕೊಡುವುದಿಲ್ಲ, ಇದನ್ನೂ ಮುಚ್ಚಿಡದೆ ಹೇಳಿ. ಇಲ್ಲದಿದ್ದರೆ ಕ್ಲಾಸಿನ ವನ್ಯಜೀವಿ ಪ್ರಿಯರು ಮೊದಲ ಪ್ರಶ್ನೆಯಲ್ಲೇ ನಿಮ್ಮನ್ನು ಹಿಡಿಯುತ್ತಾರೆ. ಬೆಂಗಳೂರಿನಲ್ಲಿ ಅವರ ಸಂಖ್ಯೆ ಕಡಿಮೆ ಏನಲ್ಲ. ಅವರನ್ನು ಬಾಯಿ ಮುಚ್ಚಿಸಬೇಡಿ. ಜಿಂಕೆ ಮಾಂಸದ ಆರೋಪದ ಮೇಲೆ ಕರೆದೊಯ್ದ ಜೇನು ಕುರುಬರೊಬ್ಬರು 2022ರಲ್ಲಿ ಎಚ್.ಡಿ. ಕೋಟೆಯಲ್ಲಿ ಅರಣ್ಯ ಇಲಾಖೆಯ ವಶದಲ್ಲಿ ಸತ್ತ ಸುದ್ದಿಯನ್ನು ಓದಿಸಿ, ಆರೋಪ ನಿಜವೇ ಇದ್ದರೂ ಕಾನೂನು ಏನು ಮಾಡಬೇಕಿತ್ತು ಎಂದು ಹೆಜ್ಜೆ ಹೆಜ್ಜೆಯಾಗಿ ಬರೆಯಲು ಹೇಳಿ.

ಹೆಜ್ಜೆ 6: ಅಂಕಿಅಂಶ ಕೊಡಿ, ಅದರೊಳಗಿನ ತೂತನ್ನೂ ತೋರಿಸಿ

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಜೈಲುಗಳ ವಾರ್ಷಿಕ ವರದಿ ಹೊರಡಿಸುತ್ತದೆ. 2022ರ ವರದಿಯ ಪ್ರಕಾರ ಭಾರತದ ಕೈದಿಗಳಲ್ಲಿ ಸುಮಾರು ನಾಲ್ವರಲ್ಲಿ ಮೂವರು ವಿಚಾರಣಾಧೀನರು, ಅಂದರೆ ತಪ್ಪು ಸಾಬೀತಾಗದವರು. 2011ರ ಜನಗಣತಿಯಂತೆ ದೇಶದ ಜನಸಂಖ್ಯೆಯಲ್ಲಿ ಪರಿಶಿಷ್ಟ ಪಂಗಡ ಶೇ 8.6, ಕರ್ನಾಟಕದಲ್ಲಿ ಸುಮಾರು ಶೇ 7. ಜೈಲಿನ ಪಾಲನ್ನು ಹೊಸ ವರದಿಯಿಂದ ವಿದ್ಯಾರ್ಥಿಗಳೇ ತೆಗೆದು ಹೋಲಿಸಲಿ.

ಲೆಕ್ಕ ಮುಗಿದ ಮೇಲೆ 2ನೇ ಹೆಜ್ಜೆಯ ಗುರುತನ್ನು ತೆರೆಸಿ. ಆ ಕೋಷ್ಟಕದಲ್ಲಿ ವಿಮುಕ್ತರಿಗೆ ಕಾಲಂ ಇಲ್ಲ. ಕೊರಮರು ಒಳಗೆ ಎಷ್ಟು ಜನ ಇದ್ದಾರೆ ಎಂದು ಅದರಿಂದ ತಿಳಿಯುವುದಿಲ್ಲ. ಇತ್ತ ಕರ್ನಾಟಕದ ಪರಿಶಿಷ್ಟ ಪಂಗಡದ ಲೆಕ್ಕದಲ್ಲಿ ದೊಡ್ಡ ಪಾಲು ನಾಯಕ ಸಮುದಾಯದ್ದು. ಕಾಡಿನೊಳಗಿನ ಸಣ್ಣ ಸಮುದಾಯಗಳಿಗೆ ಏನಾಗುತ್ತಿದೆ ಎಂಬುದು ಆ ಸರಾಸರಿಯಲ್ಲಿ ಕರಗಿಹೋಗುತ್ತದೆ.

ಹೆಜ್ಜೆ 7: ತೀರ್ಪುಗಳನ್ನು ಆರಿಸುವುದು

ಹತ್ತು ತೀರ್ಪು ಕೊಟ್ಟರೆ ಒಂದೂ ಓದುವುದಿಲ್ಲ. ನಾನು ಸೂಚಿಸುವುದು ಇವು.

ವಿಠಲ ಮಲೆಕುಡಿಯ ಪ್ರಕರಣವನ್ನು ಮೊದಲಿಡಿ, ಯಾಕೆಂದರೆ ಅವರು ಆಗ ಮಂಗಳೂರು ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿದ್ಯಾರ್ಥಿ. ಬೆಳ್ತಂಗಡಿ ತಾಲ್ಲೂಕಿನ ಕುತ್ಲೂರಿನವರು. 2012ರ ಮಾರ್ಚ್‌ನಲ್ಲಿ ನಕ್ಸಲ್ ನಂಟಿನ ಆರೋಪದ ಮೇಲೆ ಅವರನ್ನೂ ತಂದೆಯನ್ನೂ ಬಂಧಿಸಿ ಯುಎಪಿಎ (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ) ಹಾಕಿದರು. ವಶಪಡಿಸಿಕೊಂಡದ್ದರಲ್ಲಿ ಭಗತ್ ಸಿಂಗ್ ಬಗ್ಗೆ ಪುಸ್ತಕ, ಪತ್ರಿಕೆಯ ತುಣುಕುಗಳು, ಊರಿಗೆ ಸೌಲಭ್ಯ ಕೊಡುವವರೆಗೆ ಚುನಾವಣೆ ಬಹಿಷ್ಕರಿಸೋಣ ಎಂಬ ಪತ್ರ ಇದ್ದವು. 2021ರ ಅಕ್ಟೋಬರ್‌ನಲ್ಲಿ ಮಂಗಳೂರಿನ ಕೋರ್ಟು ಇಬ್ಬರನ್ನೂ ಖುಲಾಸೆ ಮಾಡಿತು. ಇಂಥ ಪುಸ್ತಕ ಇಟ್ಟುಕೊಳ್ಳುವುದು ಅಪರಾಧವಲ್ಲ ಎಂದಿತು. ನಿಮ್ಮ ವಿದ್ಯಾರ್ಥಿಗಳಿಗೆ ತಮ್ಮ ಹಾಸ್ಟೆಲ್ ಕೋಣೆಯ ಮಹಜರು ಬರೆಯಲು ಹೇಳಿ. ಮೇಜಿನ ಮೇಲಿನ ಯಾವ ವಸ್ತು ಯಾರ ಕೋಣೆಯಲ್ಲಿದ್ದರೆ ಸಾಕ್ಷ್ಯವಾಗುತ್ತದೆ ಎಂಬ ಚರ್ಚೆ ತಾನಾಗಿ ಹುಟ್ಟುತ್ತದೆ.

ಎರಡನೆಯದು ಅಂಕುಶ್ ಮಾರುತಿ ಶಿಂದೆ ಪ್ರಕರಣ, ಮಹಾರಾಷ್ಟ್ರದ್ದು. ಅಲೆಮಾರಿ ಸಮುದಾಯದ ಆರು ಜನರಿಗೆ ಸುಪ್ರೀಂ ಕೋರ್ಟು 2009ರಲ್ಲಿ ಗಲ್ಲು ಶಿಕ್ಷೆ ವಿಧಿಸಿತ್ತು. 2019ರ ಮಾರ್ಚ್‌ನಲ್ಲಿ ಅದೇ ಸುಪ್ರೀಂ ಕೋರ್ಟು ಆರೂ ಜನರನ್ನು ಖುಲಾಸೆ ಮಾಡಿ, ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಎರಡೂ ತೀರ್ಪನ್ನು ಪಕ್ಕಪಕ್ಕ ಓದಿಸಿ. ಸಾಕ್ಷ್ಯ ಬದಲಾಗಿರಲಿಲ್ಲ, ಓದಿದ ಕಣ್ಣು ಬದಲಾಗಿತ್ತು.

ವಾಚಾತಿ ಪ್ರಕರಣ ನಮಗೆ ಹತ್ತಿರದ್ದು, ಧರ್ಮಪುರಿ ಜಿಲ್ಲೆ. 1992ರ ಜೂನ್‌ನಲ್ಲಿ ಗಂಧದ ಮರ ಹುಡುಕುವ ನೆಪದಲ್ಲಿ ಅರಣ್ಯ, ಪೊಲೀಸ್, ಕಂದಾಯ ಸಿಬ್ಬಂದಿ ಒಂದು ಬುಡಕಟ್ಟು ಹಳ್ಳಿಯ ಮೇಲೆ ಬಿದ್ದರು. 18 ಮಹಿಳೆಯರ ಮೇಲೆ ಅತ್ಯಾಚಾರವಾಯಿತು. 2011ರಲ್ಲಿ ಶಿಕ್ಷೆಯಾದಾಗ ಆರೋಪಿಗಳಾಗಿದ್ದ 269 ಜನರಲ್ಲಿ 54 ಮಂದಿ ಸತ್ತೇ ಹೋಗಿದ್ದರು. ಮದ್ರಾಸ್ ಹೈಕೋರ್ಟು 2023ರಲ್ಲಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಇದರ ಜೊತೆಗೆ ವೀರಪ್ಪನ್ ಕಾರ್ಯಾಚರಣೆಯ ಕಾಲದಲ್ಲಿ ಮಲೆಮಹದೇಶ್ವರ ಬೆಟ್ಟದ ಸುತ್ತ ನಡೆದದ್ದರ ಬಗ್ಗೆ ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿಯ ವರದಿಯನ್ನು ಇಡಿ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2007ರಲ್ಲಿ 89 ಸಂತ್ರಸ್ತರಿಗೆ ಪರಿಹಾರ ಹೇಳಿತು. ನಮ್ಮ ವಿದ್ಯಾರ್ಥಿಗಳಿಗೆ ವೀರಪ್ಪನ್ ಮೀಸೆ ಗೊತ್ತು, ಆ ವರದಿ ಗೊತ್ತಿಲ್ಲ.

ಕೊನೆಯದು ಸುಕನ್ಯಾ ಶಾಂತಾ ಪ್ರಕರಣ, 2024ರ ಅಕ್ಟೋಬರ್ 3. ಜೈಲು ಕೈಪಿಡಿಗಳಲ್ಲಿ ಜಾತಿ ನೋಡಿ ಕೆಲಸ ಹಂಚುವುದನ್ನು, ವಿಮುಕ್ತ ಸಮುದಾಯಗಳನ್ನು ರೂಢಿಗತ ಅಪರಾಧಿಗಳೆಂಬಂತೆ ಕಾಣುವುದನ್ನು ಸುಪ್ರೀಂ ಕೋರ್ಟು ಅಸಾಂವಿಧಾನಿಕ ಎಂದಿತು. ಒಬ್ಬ ಪತ್ರಕರ್ತೆಯ ವರದಿಗಾರಿಕೆಯಿಂದ ಹುಟ್ಟಿದ ಕೇಸು ಇದು. 1871ರ ಕಾಯ್ದೆಯ ಇತಿಹಾಸ ಈ ತೀರ್ಪಿನಲ್ಲೇ ಉದ್ದಕ್ಕೆ ಬರುತ್ತದೆ, ಹಾಗಾಗಿ 3ನೇ ಹೆಜ್ಜೆಯ ಓದಿಗೂ ಆಗುತ್ತದೆ. ದೌರ್ಜನ್ಯ ತಡೆ ಕಾಯ್ದೆ, 1989ನ್ನು ಇಲ್ಲೇ ತನ್ನಿ: ಪರಿಶಿಷ್ಟರ ಮೇಲೆ ಸುಳ್ಳು ಕೇಸು ಹಾಕುವುದೂ ಆ ಕಾಯ್ದೆಯಡಿ ಅಪರಾಧ, ಕರ್ತವ್ಯಲೋಪ ಮಾಡುವ ಅಧಿಕಾರಿಗೆ 4ನೇ ಸೆಕ್ಷನ್ ಇದೆ.

ಹೆಜ್ಜೆ 8: ಹೊರಗೆ ಕರೆದುಕೊಂಡು ಹೋಗುವುದು ಎಲ್ಲಿಗೆ?

ಹಾಡಿಗೆ ಬಸ್ ಮಾಡಿಕೊಂಡು ಹೋಗಬೇಡಿ. ಬನ್ನೇರುಘಟ್ಟದ ಹಕ್ಕಿಪಿಕ್ಕಿ ಕಾಲೋನಿ ಹತ್ತಿರದಲ್ಲೇ ಇದೆ ಎಂದು ಅಲ್ಲಿಗೂ ಬೇಡ. ಐವತ್ತು ಜನ ಮೊಬೈಲ್ ಹಿಡಿದು ಹೋಗಿ, ‘ಪೊಲೀಸರು ಹೊಡೆದಿದ್ದಾರಾ?’ ಎಂದು ಕೇಳಿ, ಸಂಜೆ ವಾಪಸ್ ಬರುವುದರಿಂದ ಅಲ್ಲಿನವರಿಗೆ ಏನು ಸಿಗುತ್ತದೆ? ನಾಳೆ ಬೀಟಿನವರು ಬಂದು ಯಾಕೆ ಮಾತಾಡಿದಿರಿ ಎಂದು ಕೇಳಿದರೆ ನೀವು ಅಲ್ಲಿರುವುದಿಲ್ಲ.

ಬದಲಿಗೆ ಫ್ರೀಡಂ ಪಾರ್ಕಿಗೆ ಹೋಗಿ. ಹಳೆಯ ಸೆಂಟ್ರಲ್ ಜೈಲು ಅದು. ನಡುವಿನ ಕಾವಲು ಗೋಪುರ, ಸುತ್ತ ಬ್ಯಾರಕ್‌ಗಳು, ಎಲ್ಲ ಕಣ್ಣೆದುರಿಗೆ ಇವೆ. ಗೋಪುರದ ಬುಡದಲ್ಲಿ ನಿಲ್ಲಿಸಿ ಇಲ್ಲಿಂದ ಏನೇನು ಕಾಣುತ್ತದೆ ಎಂದು ಚಿತ್ರ ಬರೆಸಿ. ಎಮರ್ಜೆನ್ಸಿಯಲ್ಲಿ ವಾಜಪೇಯಿ, ಅಡ್ವಾಣಿ ಇಲ್ಲಿದ್ದರು ಎಂದು ಎಲ್ಲರೂ ಹೇಳುತ್ತಾರೆ. ಜೇಬುಗಳ್ಳತನದ ಕೇಸಿನಲ್ಲಿ ಬಂದು ವಾಯಿದೆ ಮೇಲೆ ವಾಯಿದೆ ತಿಂದವರ ಹೆಸರು ಯಾರೂ ಹೇಳುವುದಿಲ್ಲ.

ನೃಪತುಂಗ ರಸ್ತೆಯ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಒಂದು ಬೆಳಗ್ಗೆ ಕೂರಿಸುವುದೂ ಒಳ್ಳೆಯದು. ನಾಲ್ಕೈದು ಜನರ ಸಣ್ಣ ಗುಂಪಿನಲ್ಲಿ ಕಳಿಸಿ. ರಿಮಾಂಡ್‌ಗೆ ಎಷ್ಟು ಹೊತ್ತು ಹಿಡಿಯಿತು, ಆರೋಪಿಗೆ ವಕೀಲರಿದ್ದರಾ, ಯಾವ ಭಾಷೆಯಲ್ಲಿ ಕೇಳಿದರು, ಅವನಿಗೆ ಅರ್ಥವಾದಂತಿತ್ತಾ ಎಂದು ಬರೆದುಕೊಂಡು ಬರಲಿ. ಹೋಗಲು ಆಗದಿದ್ದರೆ ಕರ್ನಾಟಕ ಹೈಕೋರ್ಟಿನ ಕಲಾಪ ಯೂಟ್ಯೂಬಿನಲ್ಲಿ ನೇರ ಬರುತ್ತದೆ.

ಹೆಜ್ಜೆ 9: ಅತಿಥಿಯನ್ನು ಕರೆಯುವಾಗ

ಸಮುದಾಯದವರೇ ಬಂದು ಮಾತಾಡಬೇಕು, ಇದರಲ್ಲಿ ಎರಡು ಮಾತಿಲ್ಲ. ಆದರೆ ‘ನಿಮ್ಮ ಕಷ್ಟ ಹೇಳಿ’ ಎಂದು ಕರೆಯಬೇಡಿ. ಹಾಡಿಯ ಅರಣ್ಯ ಹಕ್ಕು ಸಮಿತಿಯಲ್ಲಿ ಇರುವವರು, ತಾಂಡಾದಿಂದ ಬಂದ ವಕೀಲರು, ಪ್ಯಾರಾಲೀಗಲ್ ಸ್ವಯಂಸೇವಕರು ಸಿಗುತ್ತಾರೆ. ಅರ್ಜಿ ಹೇಗೆ ಹಾಕುತ್ತೀರಿ, ಎಲ್ಲಿ ತಡೆ ಬೀಳುತ್ತದೆ, ಯಾವ ಅಧಿಕಾರಿ ಕೆಲಸ ಮಾಡಿಕೊಟ್ಟರು ಎಂದು ಕೇಳಿ. ಅವರು ಆ ವಿಷಯದ ತಜ್ಞರು. ದೆಹಲಿಯಿಂದ ಬರುವ ಪ್ರೊಫೆಸರಿಗೆ ಕೊಡುವಷ್ಟೇ ಗೌರವಧನ ಕೊಡಿ, ಒಂದು ದಿನದ ಕೂಲಿ ಬಿಟ್ಟು ಬಂದಿರುತ್ತಾರೆ. ಚಾಮರಾಜನಗರದಿಂದ ಬರುವವರಿಗೆ ಬಸ್ ಚಾರ್ಜು, ರಾತ್ರಿ ಉಳಿಯುವ ವ್ಯವಸ್ಥೆ ಮೊದಲೇ ಮಾಡಿ. ಕ್ಲಾಸ್ ಇಂಗ್ಲಿಷಿನದ್ದಾದರೆ ಅನುವಾದಕರು ಇರಲಿ, ಅತಿಥಿಯೇ ಹರುಕು ಇಂಗ್ಲಿಷಿನಲ್ಲಿ ಒದ್ದಾಡುವಂತೆ ಮಾಡಬೇಡಿ. ರೆಕಾರ್ಡಿಂಗ್ ಬೇಕೇ ಬೇಡವೇ ಅವರು ಹೇಳಲಿ.

ಹೆಜ್ಜೆ 10: ಬೇರೆ ದೇಶಗಳು

ಒಂದು ಕ್ಲಾಸ್ ಸಾಕು. ಆಸ್ಟ್ರೇಲಿಯಾದಲ್ಲಿ 1987ರಿಂದ 1991ರವರೆಗೆ ಒಂದು ರಾಯಲ್ ಕಮಿಷನ್ ಕೂತು, ವಶದಲ್ಲಿದ್ದಾಗ ಸತ್ತ 99 ಮೂಲನಿವಾಸಿಗಳ ಸಾವನ್ನು ತನಿಖೆ ಮಾಡಿ, 339 ಶಿಫಾರಸು ಕೊಟ್ಟಿತು. ಅದು ಕಂಡುಕೊಂಡದ್ದು ವಿಚಿತ್ರವಾಗಿತ್ತು. ಒಳಗೆ ಹೋದ ಮೇಲೆ ಮೂಲನಿವಾಸಿಗಳು ಇತರರಿಗಿಂತ ಹೆಚ್ಚು ಸಾಯುತ್ತಿರಲಿಲ್ಲ, ಒಳಗೆ ಹೋಗುವುದೇ ವಿಪರೀತ ಹೆಚ್ಚಾಗಿತ್ತು. ನಮ್ಮಲ್ಲಿ ಲಾಕಪ್ ಸಾವಿನ ಬಗ್ಗೆ ಮಾತ್ರ ಗಲಾಟೆ ಮಾಡಿ, ಬಂಧನದ ಬಗ್ಗೆ ಸುಮ್ಮನಿರುವವರಿಗೆ ಇದು ಒಳ್ಳೆಯ ಪ್ರಶ್ನೆ. ಕೆನಡಾದ 1999ರ ಗ್ಲಾಡ್ಯೂ ತೀರ್ಪು ಶಿಕ್ಷೆ ವಿಧಿಸುವಾಗ ಆದಿವಾಸಿ ಆರೋಪಿಯ ಹಿನ್ನೆಲೆ, ಸಮುದಾಯದ ಇತಿಹಾಸ ನೋಡಬೇಕು ಎಂದಿತು. ಅದಾದ ಮೇಲೂ ಅಲ್ಲಿನ ಜೈಲುಗಳಲ್ಲಿ ಅವರ ಪಾಲು ಇಳಿಯಲಿಲ್ಲ. ಯಾಕೆ ಎಂದು ಚರ್ಚೆಗೆ ಬಿಡಿ.

ಹೆಜ್ಜೆ 11: ಅಂಕ ಕೊಡುವುದು

ಪ್ರಬಂಧ ಕೇಳಿದರೆ ಕಟ್ ಅಂಡ್ ಪೇಸ್ಟ್ ಬರುತ್ತದೆ. ಕಡತ ಕೇಳಿ. ರಾಜ್ಯ ಪೊಲೀಸ್ ವೆಬ್‌ಸೈಟಿನಲ್ಲಿ ಎಫ್‌ಐಆರ್ ಸಿಗುತ್ತವೆ. ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದವನ್ನು 24 ಗಂಟೆಯೊಳಗೆ ಹಾಕಬೇಕು ಎಂದು 2016ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಒಬ್ಬೊಬ್ಬರೂ ಒಂದು ಎಫ್‌ಐಆರ್ ತೆಗೆದು, ಹೆಸರು, ವಿಳಾಸ ಕಪ್ಪು ಮಾಡಿ, ಕೋರ್ಟುಗಳ ಇ-ಕೋರ್ಟ್ಸ್ ಜಾಲತಾಣದಲ್ಲಿ ಆ ಕೇಸು ಎಲ್ಲಿಗೆ ಬಂತು ಎಂದು ಹಿಂಬಾಲಿಸಿ ನಾಲ್ಕು ಪುಟ ಬರೆಯಲಿ. ಬಂಧನದ ಕಾರಣ ಬರೆದಿದೆಯೇ, ಜಾಮೀನಿನ ಷರತ್ತೇನು, ಎಷ್ಟು ವಾಯಿದೆಗಳಾದವು ಎಂಬುದಕ್ಕೆ ಹೆಚ್ಚು ಅಂಕ. ಆರೋಪಿ ಎಂಥವನು ಎಂಬ ಊಹೆಗೆ ಸೊನ್ನೆ. ಕನ್ನಡದಲ್ಲಿ ಬರೆಯುವವರಿಗೆ ಅಂಕ ಕಡಿಮೆಯಾಗಬಾರದು, ಹೆಚ್ಚಿನ ಕಡತಗಳು ಕನ್ನಡದಲ್ಲೇ ಇರುವುದು.

ಸೆಮಿಸ್ಟರ್ ಮುಗಿದ ಮೇಲೆ ಡ್ರೈವ್‌ನಲ್ಲಿರುವ ಎಫ್‌ಐಆರ್ ಪ್ರತಿಗಳನ್ನೆಲ್ಲ ಅಳಿಸಿ. ಅತಿಥಿಗಳ ಗೌರವಧನದ ಬಿಲ್ಲು ಪಾಸಾಗಿದೆಯಾ ಎಂದು ನೀವೇ ಅಕೌಂಟ್ಸ್ ಸೆಕ್ಷನ್‌ಗೆ ಹೋಗಿ ನೋಡಿ. ಮಾರ್ಚ್ 31 ದಾಟಿದರೆ ಅದು ಮುಂದಿನ ವರ್ಷದ ಬಜೆಟ್‌ಗೆ ಹೋಗುತ್ತದೆ.